ಅರ್ತ್ ಗುಂಡಿಗೆ ಒಂದು ಕೊಡ ನೀರು

ದೇವರಾಯನದುರ್ಗದ ತಪ್ಪಲಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಬೇಸಿಗೆ ರಜೆಗೆ ಹೋದರೆ ನನಗೊಂದು ಕೆಲಸ ಕಾದಿರುತ್ತಿತ್ತು. ಹಿತ್ತಲಿನ ಅರ್ತ್ ಗುಂಡಿಗೆ ದಿನಾ ಸಂಜೆ ಒಂದು ಕೊಡ ನೀರು ಹೊಯ್ಯುವುದು. ಅಲ್ಲಿ ಒಂದಿಷ್ಟು ಅಗೆದರೆ ಬಂಡೆ. ಒಣ ಬಂಡೆ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಒದ್ದೆ ಮಣ್ಣು ಬಿಟ್ಟುಕೊಳ್ಳುತ್ತದೆ. ಅದಕ್ಕೇ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ತೇವ ಆರದಂತೆ ಕಾಯಬೇಕಿತ್ತು. ಹಳೆಯ ವಾಲ್ವ್ ರೇಡಿಯೋ ಗುಂಯ್‌ಗುಡತೊಡಗಿದರೆ ಸಾಕು, "ಪುಟ್ಟೀ, ಗುಂಡಿಗೆ ನೀರು ಹಾಕಿದೆಯೇನೇ?" ಎಂದು ಚಿಕ್ಕಪ್ಪನ ದನಿ ಏಳುತ್ತಿತ್ತು. ಹಣೆಗೆ ನಾಮ ತೇಯಲು ನೀರಿಲ್ಲವೆಂದು ಬಾಣ ಬಿಟ್ಟು ಬಂಡೆಯಲ್ಲಿ ನಾಮದ ಚಿಲುಮೆ ಚಿಮ್ಮಿಸಿದ ರಾಮ, ಈ ಗುಂಡಿಗೂ ಒಂದು ಬಾಣ ಬಿಡಬಾರದಿತ್ತೆ ಎಂದು ಕೊಡ ಹೊರುತ್ತ ಗೊಣಗಿದ್ದುಂಟು.

ಷಾಕ್ ಹೊಡೆಯದಂತೆ ಕಾಯುವುದಷ್ಟೇ ಅರ್ತಿನ ಕೆಲಸವೆಂದು ನಾವೆಲ್ಲ ತಿಳಿದಿರುತ್ತೇವೆ. ಆದರೆ ಆ ಗುಂಯ್ ಸದ್ದಿನ ಬೆನ್ನು ಹತ್ತಿ ಹೋದರೆ ಕಥೆ ನಕ್ಷತ್ರಗಳವರೆಗೆ ಹೋಗುತ್ತದೆ.

ಮ್ಯೂನಿಕ್ ನಗರದ ಸ್ಟೈನ್‌ಹೈಲ್ ಎಂಬಾತ 1838ರಲ್ಲಿ ಒಂದು ಸಂಗತಿ ಕಂಡುಕೊಂಡ. ಟೆಲಿಗ್ರಾಫಿಗೆ ಹೋಗಲೊಂದು, ಬರಲೊಂದು ಎಂದು ಎರಡು ತಂತಿ ಬೇಕಿಲ್ಲ, ವಾಪಸು ದಾರಿಗೆ ನೆಲವೇ ಇದೆ. ಸೋಜಿಗವೆಂದರೆ ನಕ್ಷತ್ರಗಳ ಬೆಳಕನ್ನು ಹೋಲಿಸಿ ಅಳೆಯುವ ಉಪಕರಣವೊಂದನ್ನು ಮಾಡಿದವನೂ ಇವನೇ. ಅವನ ಈ ಎರಡು ಕೆಲಸಗಳು ಒಂದೇ ಪೆಟ್ಟಿಗೆಯೊಳಗೆ ಸೇರಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಆ ಪೆಟ್ಟಿಗೆಯೇ ಬೆಳಕನ್ನು ಕರೆಂಟಾಗಿಸುವ ಫೋಟೋಮೀಟರು. ನಕ್ಷತ್ರದ ಬೆಳಕು ಅದರ ನಳಿಗೆಯೊಳಗೆ ಬಿದ್ದಾಗ ಒಂದು ಎಲೆಕ್ಟ್ರಾನ್ ಹೊರಬೀಳುತ್ತದೆ. ಮುಂದಿನ ತಗಡಿಗೆ ಬಡಿದು ಕೆಲವಾಗುತ್ತದೆ, ಮತ್ತೊಂದಕ್ಕೆ ಬಡಿದು ಹಲವಾಗುತ್ತದೆ, ಕಡೆಗೆ ಲಕ್ಷಗಟ್ಟಲೆ. ಹಾಗೆ ಹಿಗ್ಗಿಸಿದರೂ ಸಿಗುವ ಕರೆಂಟು ಅಲ್ಪ. ಸುತ್ತಲಿನ ವೈರುಗಳ 50 ಸೈಕಲ್ಲಿನ ಗುಂಯ್ ಅದರ ಮೇಲೆ ಸವಾರಿ ಮಾಡುತ್ತದೆ. ಅದನ್ನು ತಡೆಯಲು ಪೆಟ್ಟಿಗೆಗೊಂದು ಅರ್ತ್, ಅಳೆಯುವ ಯಂತ್ರಕ್ಕೊಂದು ಅರ್ತ್ ಎಂದು ಬೇರೆ ಬೇರೆ ಕೊಟ್ಟರೆ ಇನ್ನಷ್ಟು ಕೆಡುತ್ತದೆ. ಎರಡು ಗುಂಡಿಗಳ ನೆಲವೂ ಒಂದೇ ಮಟ್ಟದಲ್ಲಿರುವುದಿಲ್ಲ. ನಡುವಿನ ತಂತಿಯಲ್ಲಿ ಕಳ್ಳ ಕರೆಂಟು ಹರಿದು, ಅಳೆಯಬೇಕಾದದ್ದನ್ನೇ ನುಂಗಿಬಿಡುತ್ತದೆ. ಒಂದು ಮನೆಗೆ ಇಬ್ಬರು ಯಜಮಾನರಾದ ಹಾಗೆ! ಆದ್ದರಿಂದ ಎಲ್ಲವನ್ನೂ ತಂದು ಒಂದೇ ಬಿಂದುವಿಗೆ ಕಟ್ಟುತ್ತಾರೆ. ತಂತಿಯ ಮೇಲಿನ ಲೋಹದ ಹೊದಿಕೆಯನ್ನೂ ಸಾಮಾನ್ಯವಾಗಿ ಒಂದೇ ತುದಿಯಲ್ಲಿ ನೆಲಕ್ಕೆ ಸೇರಿಸುತ್ತಾರೆ.

ಅರ್ತಿಗೆ ಬಗ್ಗದ ಸದ್ದುಗಳೂ ಇವೆ. ಎಲೆಕ್ಟ್ರಾನುಗಳು ಧಾರೆಯಾಗಿ ಬಾರದೆ, ತಗಡಿನ ಮೇಲೆ ಮಳೆಹನಿ ಬೀಳುವಂತೆ ಬಿಡಿಬಿಡಿಯಾಗಿ ಬರುವುದರಿಂದಲೇ ಒಂದು ಸದ್ದು ಹುಟ್ಟುತ್ತದೆಂದು 1918ರಲ್ಲಿ ಷಾಟ್ಕಿ ತೋರಿಸಿದ. ಬರಿಯ ಬಿಸಿಯೂ ಸದ್ದು ಮಾಡುತ್ತದೆಂದು 1928ರಲ್ಲಿ ಅಮೆರಿಕದ ಜಾನ್ಸನ್ ಅಳೆದು ಹೇಳಿದ. ಕತ್ತಲಲ್ಲೂ ಬಿಸಿಗೆ ಎಲೆಕ್ಟ್ರಾನುಗಳು ಉದುರುತ್ತವೆಂದು ನಳಿಗೆಯನ್ನು ತಣ್ಣಗಿಡುವುದೂ ಉಂಟು.

ಇಷ್ಟು ಪಾಡು ಪಟ್ಟು ಸಿಗುವುದೇನು? ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ಒಂದು ವೀಕ್ಷಣಾಲಯವಿದೆ. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹ ತುಲಾ ರಾಶಿಯ ಒಂದು ಮಂಕು ನಕ್ಷತ್ರದ ಮುಂದೆ ಹಾಯುವುದಿತ್ತು. ಅಲ್ಲಿನ 102 ಸೆಂಟಿಮೀಟರ್ ದೂರದರ್ಶಕದಲ್ಲಿ ಫೋಟೋಮೀಟರು ಹೂಡಿ ಕಾದಿದ್ದವರು ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ. ಗ್ರಹ ಸಮೀಪಿಸುವ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಸಿದು, ಮತ್ತೆ ಎದ್ದಿತು.

ನಾನು ಬೆರಗಾಗುವುದು ಈ ಗಳಿಗೆಗೆ. ತಂತಿಯ ತಂಟೆ ಎಂದು ಆ ತಗ್ಗನ್ನು ತಳ್ಳಿಹಾಕುವುದು ಎಷ್ಟು ಸುಲಭವಿತ್ತು! ಇಡೀ ಸರ್ಕ್ಯೂಟನ್ನು ಸುಮ್ಮನಿರಿಸಿದ್ದೇವೆಂಬ ಭರವಸೆಯಿಲ್ಲದೆ ಯಾರೂ ಅದನ್ನು ನಂಬಲಾರರು. ಅವರು ನಂಬಿದರು, ಯುರೇನಸ್ಸಿನ ಹೊಸ ಉಪಗ್ರಹವಿರಬೇಕೆಂದು ಪ್ರಕಟಿಸಿಯೂ ಬಿಟ್ಟರು. ಆ ಊಹೆ ತಪ್ಪಾಯಿತು, ತಗ್ಗು ಮಾತ್ರ ನಿಜವಾಗಿತ್ತು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ದೂರದರ್ಶಕ ಹೊತ್ತು ಹಾರುತ್ತಿದ್ದ ಅಮೆರಿಕದ ಎಲಿಯಟ್ ತಂಡಕ್ಕೂ ಇಂಥವೇ ತಗ್ಗುಗಳು ಕಂಡಿದ್ದವು, ಗ್ರಹದ ಆಚೆಗೆ ಐದು, ಈಚೆಗೆ ಐದು. ತಂತಿಯ ತಂಟೆಯಾದರೆ ಹಾಗೆ ಎರಡು ಕಡೆಯೂ ಜೋಡಿಯಾಗಿ ಬರುವುದುಂಟೆ? ಯುರೇನಸ್ಸಿಗೆ ಶನಿಗಿರುವಂತೆ ಉಂಗುರಗಳಿದ್ದವು, ತೀರ ಸಣ್ಣವು, ಕಪ್ಪನೆಯವು. 1986ರ ಜನವರಿಯಲ್ಲಿ ವಾಯೇಜರ್-2 ಹತ್ತಿರ ಹೋಗಿ ಅವುಗಳ ಚಿತ್ರ ತೆಗೆದು ಕಳಿಸಿತು.