ಶ್ರೀರಂಗಪಟ್ಟಣದಿಂದ ಪಾರ್ಲಿಮೆಂಟಿನವರೆಗೆ

ಪ್ರೌಢಶಾಲೆಯ ಚರಿತ್ರೆಯ ತರಗತಿಯಲ್ಲಿ ನಾವು ಒಬ್ಬ ವ್ಯಕ್ತಿಯನ್ನು ಎರಡು ಹೆಸರುಗಳಿಂದ ಪರಿಚಯಿಸುತ್ತೇವೆ. ಟಿಪ್ಪುವಿನ ಪತನದ ಪಾಠದಲ್ಲಿ ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ನೆಪೋಲಿಯನ್ನನ ಪಾಠದಲ್ಲಿ 1815ರ ವಾಟರ್ಲೂ ಯುದ್ಧವನ್ನು ಗೆದ್ದ ವೆಲಿಂಗ್ಟನ್ ಡ್ಯೂಕ್. ಇಬ್ಬರೂ ಒಬ್ಬನೇ ಎಂದು ಹೇಳುವುದನ್ನು ಎಷ್ಟೋ ವೇಳೆ ಮರೆತುಬಿಡುತ್ತೇವೆ. ಸುಧಾರಣೆಗೆ ಅಡ್ಡ ನಿಂತ ರಾಜಕಾರಣಿ ಎಂಬ ಅವನ ಮೂರನೆಯ ಮುಖವಂತೂ ಪಾಠಕ್ಕೆ ಬರುವುದೇ ಇಲ್ಲ. ಗಡಿನಾಡಿನ ಉಪಾಧ್ಯಾಯರಾದ ನಾವು ಈ ಮೂರು ಮುಖಗಳನ್ನೂ ಒಟ್ಟಿಗೆ ನೋಡುವುದು ಅವಶ್ಯ.

1769ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ವೆಲ್ಲೆಸ್ಲಿ 1797ರಲ್ಲಿ ತನ್ನ 33ನೆಯ ದಳದೊಡನೆ ಭಾರತಕ್ಕೆ ಬಂದನು. ಮರುವರ್ಷ ಅವನ ಅಣ್ಣ ರಿಚರ್ಡನೇ ಗವರ್ನರ್ ಜನರಲ್ ಆಗಿ ಬಂದುದು ಅವನ ಏಳಿಗೆಗೆ ಒದಗಿತು. ಆದರೆ ಎಲ್ಲವೂ ಅಣ್ಣನ ಕೃಪೆಯೇ ಎನ್ನುವುದು ನ್ಯಾಯವಲ್ಲ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆಯ ತೋಪಿಗೆ ಕತ್ತಲಲ್ಲಿ ನುಗ್ಗಿ ಅವನು ಸೋತು ಹಿಂದೆಗೆದನು. ಮುಂದಿನ ನೆಲವನ್ನು ಹಗಲಿನಲ್ಲಿ ಕಂಡರಿಯದೆ ರಾತ್ರಿ ದಾಳಿ ಮಾಡಬಾರದೆಂಬ ಪಾಠವನ್ನು ಅಂದು ಕಲಿತನು. ಮೇ 4ರಂದು ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರ ಅವನ ಕೈಗೆ ಬಂದಿತು. ನಾಲ್ವರನ್ನು ಗಲ್ಲಿಗೇರಿಸಿ ಸೈನಿಕರ ಲೂಟಿಯನ್ನು ನಿಲ್ಲಿಸಿದನು.

ಟಿಪ್ಪುವಿನ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘನು 'ಉಭಯಲೋಕಾಧೀಶ್ವರ'ನೆನಿಸಿಕೊಂಡು ದಂಡು ಕೂಡಿಸಿದಾಗ, ಅವನನ್ನು ಹಿಡಿಯುವ ಹೊಣೆ ವೆಲ್ಲೆಸ್ಲಿಗೆ ಬಿದ್ದಿತು. 1800ರ ಬೇಸಗೆಯ ಕೊನೆಯಿಂದ ರಾಣೆಬೆನ್ನೂರು, ಡಂಬಳ, ಮಲಪ್ರಭೆಯ ದಡದ ಮುನವಳ್ಳಿ ಎಂದು ಬೆನ್ನಟ್ಟಿ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಅವನನ್ನು ಕೊಂದನು. ಈ ಓಟಕ್ಕೆ ಆಧಾರವಾದವು ಧಾನ್ಯದ ಮುನ್ನೇರ್ಪಾಡು ಮತ್ತು ಮೈಸೂರಿನ ಎತ್ತುಗಳು. ಹತನಾದ ಶತ್ರುವಿನ ಪುಟ್ಟ ಮಗ ಸಲಾಬತ್ ಖಾನನು ಕೈಗೆ ಸಿಕ್ಕಾಗ ಅವನನ್ನು ತಾನೇ ಸಾಕಿ, ದೇಶಕ್ಕೆ ಮರಳುವಾಗ ಅವನ ಪೋಷಣೆಗೆ ಹಣವಿಟ್ಟು ಹೋದನು. ಈ ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು.

ಇದೇ ವೆಲ್ಲೆಸ್ಲಿ 1799ರಲ್ಲಿ ಮೈಸೂರು ರಾಜ್ಯವನ್ನು ಹಂಚಿದ ಆಯೋಗದ ಸದಸ್ಯನೂ ಆಗಿದ್ದನು. ಕಾಸರಗೋಡನ್ನೊಳಗೊಂಡ ಕೆನರಾ ಸೀಮೆ ಕಂಪನಿಗೆ ಹೋದದ್ದು ಆ ಹಂಚಿಕೆಯಲ್ಲಿ. ಮರುವರ್ಷ ಆದವಾನಿ, ರಾಯದುರ್ಗಗಳ ಸೀಮೆಯನ್ನು ನಿಜಾಮನು ಕಂಪನಿಗೆ ಬಿಟ್ಟುಕೊಟ್ಟನು. 1953 ಮತ್ತು 1956ರ ಗಡಿರೇಖೆಗಳ ಹಿಂದೆ ಈ ಹಳೆಯ ಜಿಲ್ಲೆಗಳ ಮೇರೆಗಳಿವೆ. ಅಂದು ಹೊಲದ ರೈತನನ್ನು ಯಾರೂ ಏನನ್ನೂ ಕೇಳಲಿಲ್ಲ. ಕೆಲವರು ನಿರ್ಧರಿಸುವುದು, ಉಳಿದವರು ನಡೆಯುವುದು ಎಂಬುದೇ ಆ ಕಾಲದ ರಾಜನೀತಿ. ವೆಲ್ಲೆಸ್ಲಿಗೆ ಅದು ಬಾಳಿನುದ್ದದ ನಂಬಿಕೆಯಾಯಿತು.

ಯುದ್ಧಗಳೆಲ್ಲ ಮುಗಿದ ಮೇಲೆ ಟೋರಿ ಪಕ್ಷದ ನಾಯಕನಾಗಿ 1828ರಲ್ಲಿ ಅವನು ಬ್ರಿಟನ್ನಿನ ಪ್ರಧಾನಮಂತ್ರಿಯಾದನು. ಆಗ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮುಗಳಂತಹ ದೊಡ್ಡ ಕೈಗಾರಿಕಾ ಪಟ್ಟಣಗಳಿಗೆ ತಮ್ಮದೇ ಪ್ರತಿನಿಧಿಯಿರಲಿಲ್ಲ. ಹಾಳುಬಿದ್ದ ಓಲ್ಡ್ ಸೇರಮ್ಮಿಗೆ ಇಬ್ಬರು ಪ್ರತಿನಿಧಿಗಳಿದ್ದರು. ಇಂತಹ ವ್ಯವಸ್ಥೆಗೆ ಯಾವ ತಿದ್ದುಪಡಿಯೂ ಬೇಡವೆಂದು 1830ರ ನವೆಂಬರ್ 2ರಂದು ಪ್ರಭುಸಭೆಯಲ್ಲಿ ಸಾರಿದನು. ಎರಡು ವಾರಗಳಲ್ಲಿ ಮಂತ್ರಿಮಂಡಲ ಉರುಳಿತು. 1831ರಲ್ಲಿ ಜನರ ಗುಂಪು ಅವನ ಮನೆಯ ಕಿಟಕಿಗಳ ಗಾಜು ಒಡೆಯಿತು. ಅವನು ಕಿಟಕಿಗಳಿಗೆ ಕಬ್ಬಿಣದ ಬಾಗಿಲು ಹಾಕಿಸಿದನು. ನೆಲವನ್ನು ಕಣ್ಣಾರೆ ನೋಡಿಯೇ ಹೆಜ್ಜೆಯಿಡಬೇಕೆಂದು ಸುಲ್ತಾನಪೇಟೆಯಲ್ಲಿ ಕಲಿತವನು, ತನ್ನ ದೇಶದ ಜನರ ಮನಸ್ಸೆಂಬ ನೆಲವನ್ನು ನೋಡಲು ಹೋಗಲಿಲ್ಲ.

ಆದರೂ ಅವನನ್ನು ಬರಿಯ ಹಟಮಾರಿಯೆಂದು ಕರೆಯಲಾಗದು. ಐರ್ಲೆಂಡಿನಲ್ಲಿ ಅಂತಃಕಲಹವಾದೀತೆಂದು ಕಂಡಾಗ, ಸ್ವಪಕ್ಷದ ಕಡುವಿರೋಧದ ನಡುವೆಯೂ 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದನು. ಆ ಕಾರಣಕ್ಕೆ ಒಬ್ಬ ಪ್ರಭುವಿನೊಡನೆ ಪಿಸ್ತೂಲಿನ ದ್ವಂದ್ವಯುದ್ಧವೂ ನಡೆಯಿತು. 1832ರಲ್ಲಿ ಸುಧಾರಣೆಯ ಮಸೂದೆಯನ್ನು ತಡೆಯಲಾಗದೆಂದು ತಿಳಿದಾಗ, ತನ್ನವರೊಡನೆ ಮತದಾನದಿಂದ ದೂರವುಳಿದು ಅದು ಕಾಯಿದೆಯಾಗಲು ದಾರಿ ಬಿಟ್ಟನು. ಹಿಂದೆಗೆಯುವ ಹೊತ್ತನ್ನು ಬಲ್ಲ ದಂಡನಾಯಕನ ಗುಣ ಅಲ್ಲಿ ಕಾಣುತ್ತದೆ. 1852ರಲ್ಲಿ ಅವನು ತೀರಿಕೊಂಡಾಗ, ಒಮ್ಮೆ ಕಲ್ಲೆಸೆದ ಲಂಡನ್ ನಗರವೇ ಬೀದಿಬೀದಿಗಳಲ್ಲಿ ನಿಂತು ಅವನನ್ನು ಬೀಳ್ಕೊಟ್ಟಿತು.

ಎಲ್ಲ ವಿಷಯಗಳಿಗೂ ಒಂದೇ ಅಂಕ ಹಾಕುವ ಉಪಾಧ್ಯಾಯರಿಲ್ಲ. ಚರಿತ್ರೆಯ ಪುರುಷರಿಗೂ ನಾವು ಹಾಗೆ ಹಾಕಬಾರದು. ಶಿಸ್ತಿನಲ್ಲಿ, ಏರ್ಪಾಡಿನಲ್ಲಿ, ಕೊಟ್ಟ ಮಾತಿನಲ್ಲಿ ವೆಲ್ಲೆಸ್ಲಿ ದೊಡ್ಡವನು. ಜನರನ್ನು ಕೇಳಬೇಕೆಂಬ ಒಂದು ವಿಷಯದಲ್ಲಿ ಮಾತ್ರ ಅವನು ತೇರ್ಗಡೆಯಾಗಲಿಲ್ಲ. ಆ ಒಂದು ವಿಷಯದ ಬೆಲೆ ಏನೆಂಬುದನ್ನು, ಯಾರೋ ಎಳೆದ ಗೆರೆಗಳ ಈಚೆ ಕುಳಿತು ಕನ್ನಡ ಕಲಿಸುತ್ತಿರುವ ನಾವು ಚೆನ್ನಾಗಿ ಬಲ್ಲೆವು.