ತಾಳೆಮರದ ವಂಶವೃತ್ತಾಂತ

ತಾರ್ನಾಕದ ಕನ್ನಡಿಗರಿಗೆ ಬೇಸಿಗೆ ಬಂದಿತೆಂದು ಸಾರುವುದು ಬೀದಿಬದಿಯ ತಾಟಿಮುಂಜಲಿನ ಬುಟ್ಟಿ. ತೆಲುಗರ ಈ ತಾಟಿಚೆಟ್ಟೇ ನಮ್ಮ ತಾಳೆಮರ. ನಮ್ಮ ಪೂರ್ವಿಕರ ಕಾವ್ಯಶಾಸ್ತ್ರಗಳಲ್ಲಿ ಬಹುಪಾಲು ಉಳಿದುಬಂದಿರುವುದು ತಾಳೆ ಮತ್ತು ಶ್ರೀತಾಳೆಯ ಓಲೆಗರಿಗಳ ಮೇಲೆ. ಕನ್ನಡದ ಅಕ್ಷರಗಳಿಗೆ ಹೀಗೆ ಆಶ್ರಯವಿತ್ತ ಮರದ ಕುಲಗೋತ್ರವನ್ನು ಅರಿಯುವ ವಿಜ್ಞಾನದ ಕಥೆಯಲ್ಲಿ ಕನ್ನಡದ ಗಡಿನಾಡೊಂದಕ್ಕೆ ಮುಖ್ಯ ಸ್ಥಾನವಿದೆ. ಅದು ಕಾಸರಗೋಡು.

ಅಂದಿನ ಮದರಾಸು ಸರ್ಕಾರವು 1916ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಸಮೀಪದ ನೀಲೇಶ್ವರದಲ್ಲಿ 1932ರಲ್ಲಿ ಡಾ. ಜೆ. ಎಸ್. ಪಟೇಲರು ಎತ್ತರದ ತಳಿಗೂ ಗಿಡ್ಡ ತಳಿಗೂ ಸಂಕರ ಮಾಡಿ ತೆಂಗಿನ ಮಿಶ್ರತಳಿಯನ್ನು ಪಡೆದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1970ರಲ್ಲಿ ಅಲ್ಲಿನ ಕೇಂದ್ರವು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು.

ತಾಳೆಯನ್ನು ಕುರಿತು ಸಂಶೋಧಕರನ್ನು ಕಾಡಿದ ಸಮಸ್ಯೆ ಸ್ವಾರಸ್ಯವಾದುದು. ಇದರಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಆದರೆ ಮೊದಲ ಹೂಗೊಂಚಲು ಮೂಡಲು ಹನ್ನೆರಡು ಹದಿನೈದು ವರ್ಷಗಳೇ ಬೇಕು. ಅಲ್ಲಿಯವರೆಗೆ ಸಸಿಯ ಜಾತಕ ಯಾರಿಗೂ ತಿಳಿಯದು. ಹೀಗಿರುವಾಗ ಹಣ್ಣಿಗಾಗಿ ತೋಪು ಬೆಳೆಸಲು ಯಾವ ರೈತನಿಗೆ ಧೈರ್ಯ ಬಂದೀತು?

ಎಲೆಯ ಚೂರಿನಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಅದರ ಕೆಲವು ತುಣುಕುಗಳನ್ನು ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ, ಲೋಳೆಯಂತಹ ಪದರದಲ್ಲಿ ವಿದ್ಯುತ್ತಿನ ಬಲದಿಂದ ಹರಿಯಬಿಟ್ಟರೆ ಅವು ಗಾತ್ರಕ್ಕೆ ತಕ್ಕಂತೆ ಪಟ್ಟಿಪಟ್ಟಿಯಾಗಿ ನಿಲ್ಲುತ್ತವೆ. ಮರದಿಂದ ಮರಕ್ಕೆ ಬದಲಾಗುವ ಈ ಪಟ್ಟಿಗಳೇ ಆನುವಂಶಿಕ ಗುರುತುಗಳು. ಈ ಬಗೆಯ ಒಂದು ಸುಲಭ ವಿಧಾನ 1990ರಲ್ಲಿ ಬಳಕೆಗೆ ಬಂದಿತು. ಅದನ್ನೇ ಅನುಸರಿಸಿ ಕಾಸರಗೋಡಿನ ಸಂಶೋಧಕರು ಗಂಡು ತಾಳೆಗಳಲ್ಲಿ ಮಾತ್ರ ಕಾಣುವ ಒಂದು ಪಟ್ಟಿಯನ್ನು ಗುರುತಿಸಿ 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂತಹ ಗುರುತನ್ನು ಬೇರೆ ಬೇರೆ ಸೀಮೆಗಳ ಅನೇಕ ಮರಗಳಲ್ಲಿ ಪರೀಕ್ಷಿಸಿಯೇ ನಂಬಬೇಕು. ಆದರೂ ಹದಿನೈದು ವರ್ಷಗಳ ಕಾಯುವಿಕೆಗೆ ಸಸಿಯ ಎಲೆಯಲ್ಲೇ ಉತ್ತರವಿದೆ ಎಂಬುದು ಅದರಿಂದ ತಿಳಿಯಿತು.

ಇದೇ ಜಾಡಿನಲ್ಲಿ ತೆಂಗಿನ ಪುರಾತನ ಚರಿತ್ರೆಯೂ ಹೊರಬಿದ್ದಿದೆ. ಜಗತ್ತಿನ 1,322 ತೆಂಗಿನ ಮಾದರಿಗಳನ್ನು ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ತೆಂಗಿನಲ್ಲಿ ಶಾಂತಸಾಗರದ್ದೊಂದು, ಹಿಂದೂ ಮಹಾಸಾಗರ ಮತ್ತು ಅಟ್ಲಾಂಟಿಕ್ ತೀರಗಳದ್ದೊಂದು, ಹೀಗೆ ಎರಡು ದೊಡ್ಡ ಕುಲಗಳಿವೆಯೆಂದೂ ಮನುಷ್ಯನು ಅವನ್ನು ಎರಡು ಕಡೆ ಪ್ರತ್ಯೇಕವಾಗಿ ಕೃಷಿಗೆ ತಂದನೆಂದೂ ಅದು ಸೂಚಿಸಿತು. ಎರಡನೆಯ ಕುಲದ ತವರಾಗಿರಬಹುದಾದ ಪ್ರದೇಶಗಳಲ್ಲಿ ನಮ್ಮ ದಕ್ಷಿಣ ಭಾರತವೂ ಒಂದು. ಮಡಗಾಸ್ಕರಿನಲ್ಲಿ ಎರಡೂ ಕುಲಗಳು ಬೆರೆತಿರುವುದು ಪೂರ್ವದ್ವೀಪಗಳ ನಾವಿಕರು ಕಡಲು ದಾಟಿದ ದಾರಿಗೆ ಸಾಕ್ಷಿಯಾಗಿದೆ. ವಲಸೆ ಹೋದವರ ಕಥೆಯನ್ನು ಅವರು ಒಯ್ದ ಕಾಯಿಯೇ ಹೇಳುತ್ತಿದೆ!

ಡಿ.ಎನ್.ಎ. ಓದುವ ವಿದ್ಯೆ ನಮ್ಮ ನೆರೆಯಲ್ಲೇ ಇದೆ. ತಾರ್ನಾಕಕ್ಕೆ ಹೊಂದಿಕೊಂಡ ಹಬ್ಸಿಗುಡದ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ 1980ರ ದಶಕದ ಕೊನೆಯಲ್ಲಿ ಡಾ. ಲಾಲ್‌ಜಿ ಸಿಂಗ್ ಅವರು ಡಿ.ಎನ್.ಎ. ಬೆರಳಚ್ಚಿನ ದೇಶೀಯ ವಿಧಾನವನ್ನು ರೂಪಿಸಿದರು. ನ್ಯಾಯಾಲಯದಲ್ಲಿ ಮಗುವಿನ ತಂದೆಯನ್ನು ಗುರುತಿಸುವುದಕ್ಕೂ ಸಸಿಯ ತಳಿಯನ್ನು ಗುರುತಿಸುವುದಕ್ಕೂ ಮೂಲತತ್ತ್ವ ಒಂದೇ.

ತಾಳೆ, ಈಚಲು, ಬಗನಿ ಮರಗಳನ್ನು ಸಾಲಿಟ್ಟು ಸಾಕಿದವರು ಕಡಿಮೆ. ಹೆಚ್ಚಿನವು ಬದುಗಳಲ್ಲಿ, ಕೆರೆಯಂಚಿನಲ್ಲಿ ತಾವಾಗಿ ಹುಟ್ಟಿದವು. ಆದುದರಿಂದಲೇ ಅವುಗಳಲ್ಲಿ ಬರ ಸಹಿಸುವ, ರೋಗ ತಡೆಯುವ ಗುಣಗಳು ಬಗೆಬಗೆಯಾಗಿ ಉಳಿದಿರುತ್ತವೆ. ಬಡಾವಣೆಗಾಗಿ ಒಂದು ತೋಪು ಉರುಳಿದಾಗ ಮರಗಳೊಡನೆ ಆ ಗುಣಗಳೂ ಹೋಗುತ್ತವೆ. ಅವನ್ನು ಇಳಿಸಿ ಬದುಕುವವರ ಕಸುಬೂ ಹೋಗುತ್ತದೆ. ಪ್ರಯೋಗಾಲಯದ ಗುರುತುಗಳು ಯಾವ ತೋಪನ್ನು ಮೊದಲು ಉಳಿಸಬೇಕೆಂದು ತೋರಿಸಬಲ್ಲವು. ಉಳಿಸುವ ಕೆಲಸ ಮಾತ್ರ ಊರಿನವರದೇ. ಹಳೆಯ ಓಲೆಗ್ರಂಥಗಳನ್ನು ಕಾಪಾಡಲು ಹಂಬಲಿಸುವ ನಾವು ಓಲೆ ಕೊಟ್ಟ ಮರವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.