ಜಮೀನುದಾರನ ಆಟ: ಕಟ್ಟಿದವರೊಬ್ಬರು, ಹೆಸರು ಇನ್ನೊಬ್ಬರದು

ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯ ಜಗಲಿಯ ಮೇಲೆ ‘ಬಿಸಿನೆಸ್’ ಆಡಿದವರಿಗೆ ಆ ಆಟದ ಗತಿ ಬಿಡಿಸಿ ಹೇಳಬೇಕಿಲ್ಲ. ಶುರುವಿಗೆ ಎಲ್ಲರ ಕೈಯಲ್ಲೂ ಸಮನಾದ ನೋಟು. ಸಂಜೆಯ ಕಾಫಿ ಹೊತ್ತಿಗೆ ಮುಂಬೈ, ದೆಹಲಿ, ಬೆಂಗಳೂರು ಎಲ್ಲ ಒಬ್ಬನ ಮಡಿಲಲ್ಲಿ. ಉಳಿದವರು ಒಬ್ಬೊಬ್ಬರಾಗಿ ದಿವಾಳಿ. ಬ್ಯಾಂಕು ನೋಡಿಕೊಳ್ಳುವ ದೊಡ್ಡಣ್ಣನ ಮೇಲೆ ಎಲ್ಲರಿಗೂ ಗುಮಾನಿ. ಕೊನೆಗೆ ಒಂದು ಮಗು ‘ಇದು ಅನ್ಯಾಯ’ ಎಂದು ಅಳುತ್ತ ಬೋರ್ಡನ್ನೇ ಮಗುಚಿ ಹಾಕಿದರೆ ಅಂದಿನ ಆಟ ಮುಗಿದಂತೆ.

ಆ ಮಗುವಿನ ಬಾಯಲ್ಲಿ ಬಂದ ಮಾತನ್ನೇ ಆಟ ಕಟ್ಟಿದಾಕೆ ಆಡುವವರೆಲ್ಲರ ಬಾಯಿಂದ ಕೇಳಬಯಸಿದ್ದಳು ಎಂದರೆ ಸೋಜಿಗವಾದೀತು.

ನಮ್ಮ ‘ಬಿಸಿನೆಸ್’ಗೆ ಮೂಲ ಅಮೆರಿಕಾದ ‘ಮೊನೊಪಲಿ’. ಅದಕ್ಕೂ ಮೂಲ ‘ಲ್ಯಾಂಡ್‌ಲಾರ್ಡ್ಸ್ ಗೇಮ್’, ಅಂದರೆ ಜಮೀನುದಾರನ ಆಟ. ಅದನ್ನು ರೂಪಿಸಿದಾಕೆ ಎಲಿಜಬೆತ್ ಮೇಗಿ. 1866ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವಳು, ಪತ್ರಕರ್ತನ ಮಗಳು, ಶೀಘ್ರಲಿಪಿ ಕಲಿತು ದುಡಿದು ತಿನ್ನುತ್ತಿದ್ದವಳು. 1903ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು. 1904ರ ಜನವರಿ 5ರಂದು ಅದು ಮಂಜೂರಾಯಿತು. ಅಮೆರಿಕಾದ ಹೆಂಗಸರಿಗೆ ದೇಶದಾದ್ಯಂತ ಮತದಾನದ ಹಕ್ಕು ಖಾತ್ರಿಯಾದದ್ದು 1920ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಮೇಗಿಯ ತಲೆಯಲ್ಲಿ ತುಂಬಿದ್ದುದು ಹೆನ್ರಿ ಜಾರ್ಜ್ ಎಂಬ ಅರ್ಥಶಾಸ್ತ್ರಜ್ಞನ ವಿಚಾರ. 1879ರಲ್ಲಿ ಆತ ಬರೆದ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ ಆ ಕಾಲದಲ್ಲಿ ಬಿಸಿ ದೋಸೆಯಂತೆ ಖರ್ಚಾದ ಪುಸ್ತಕ. ಟಾಲ್‌ಸ್ಟಾಯ್ ಕೂಡ ಅವನ ಅಭಿಮಾನಿ. ಆತನ ವಾದ ಬೆಂಗಳೂರಿನಲ್ಲಿ ಸೈಟಿಗಾಗಿ ಅಲೆದವರಿಗೆ ಒಂದೇ ಮಾತಿಗೆ ತಿಳಿಯುವಂಥದು. ಊರಾಚೆ ಒಬ್ಬ ಖಾಲಿ ಜಾಗ ಕೊಂಡು ಬೇಲಿ ಹಾಕಿ ಸುಮ್ಮನೆ ಕೂರುತ್ತಾನೆ. ಊರು ಬೆಳೆಯುತ್ತದೆ, ರೈಲು ಬರುತ್ತದೆ, ಶಾಲೆ, ಸಂತೆ, ಅಂಗಡಿ ಎಲ್ಲ ಬರುತ್ತವೆ. ಬೇಲಿಯೊಳಗಿನ ಮಣ್ಣಿಗೆ ಹತ್ತು ಪಟ್ಟು ಬೆಲೆ. ಬೆಲೆ ಏರಿಸಿದವರು ಊರಿನವರು, ಲಾಭ ಬೇಲಿಯವನದು. ಆದ್ದರಿಂದ ದುಡಿಮೆಯ ಮೇಲೆ, ಕಟ್ಟಡದ ಮೇಲೆ, ವ್ಯಾಪಾರದ ಮೇಲೆ ತೆರಿಗೆ ಬೇಡ. ಬರಿಯ ನೆಲದ ಬೆಲೆಯ ಮೇಲೊಂದೇ ತೆರಿಗೆ ಸಾಕು ಎಂದ ಜಾರ್ಜ್. ಇದಕ್ಕೆ ಏಕ ತೆರಿಗೆ ಎಂದೇ ಹೆಸರು.

ಇದನ್ನು ಭಾಷಣ ಮಾಡಿ ತಿಳಿಸುವುದಕ್ಕಿಂತ ಆಡಿಸಿ ತೋರಿಸುವುದು ಮೇಲೆಂದು ಮೇಗಿಗೆ ತೋಚಿತು. ಅವಳ ಬೋರ್ಡಿನ ಅಂಚಿನ ಸುತ್ತ ಮಾರಾಟಕ್ಕಿರುವ ನಿವೇಶನಗಳು, ನಡುನಡುವೆ ನಾಲ್ಕು ರೈಲುಗಳು. ಒಂದು ಮೂಲೆಯಲ್ಲಿ ಭೂತಾಯಿಯ ಚಿತ್ರ. ಆಕೆಯ ಮೇಲೆ ದುಡಿದರೆ ಕೂಲಿ ಸಿಗುತ್ತದೆ ಎಂಬ ಬರಹ. ಅದನ್ನು ದಾಟಿದ ಪ್ರತಿ ಸಲವೂ 100 ಡಾಲರ್. ಇನ್ನೊಂದು ಮೂಲೆ ಲಂಡನ್ನಿನಲ್ಲಿ ಕುಳಿತ ಒಬ್ಬ ಶ್ರೀಮಂತನ ಜಮೀನು. ಅಲ್ಲಿ ಕಾಲಿಟ್ಟವನು ನೇರ ಜೈಲಿಗೆ. ಬಡವರ ಆಶ್ರಮವೂ ಉಂಟು, ಸಾರ್ವಜನಿಕ ಉದ್ಯಾನವೂ ಉಂಟು. ಇಂದಿನ ಮೊನೊಪಲಿಯನ್ನು ಕಂಡವರಿಗೆ ಇದು ಗುರುತಿನ ಮುಖವೇ.

ಮುಂದಿನ ಆವೃತ್ತಿಗಳಲ್ಲಿ ಏಕ ತೆರಿಗೆಯ ನಿಯಮದಂತೆಯೂ ಆಡಲು ದಾರಿಯಿತ್ತು. ಮಾಮೂಲು ನಿಯಮದಂತೆ ಆಡಿದರೆ ಬಾಡಿಗೆ ನಿವೇಶನದ ಮಾಲೀಕನಿಗೆ. ಒಬ್ಬ ಉಬ್ಬುತ್ತಾನೆ, ಮಿಕ್ಕವರು ಸೊರಗುತ್ತಾರೆ. ಏಕ ತೆರಿಗೆಯ ನಿಯಮದಲ್ಲಿ ನೆಲದ ಬಾಡಿಗೆ ಸಾರ್ವಜನಿಕ ಖಜಾನೆಗೆ. ಎಲ್ಲರೂ ಸ್ವಲ್ಪ ಸ್ವಲ್ಪವಾಗಿ ಚೇತರಿಸಿಕೊಳ್ಳುತ್ತಾರೆ. ಎರಡನ್ನೂ ಆಡಿ ನೋಡಿದವರು ಯಾವುದು ಒಳ್ಳೆಯದೆಂದು ತಾವೇ ತೀರ್ಮಾನಿಸಲಿ ಎಂಬುದು ಅವಳ ಲೆಕ್ಕ.

ಆಡಿದವರೇನೋ ತೀರ್ಮಾನಿಸಿದರು. ಮೇಗಿ ಬಯಸಿದ ಹಾಗಲ್ಲ.

ಆಟ ಅಂಗಡಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಹರಡಿತು. ಏಕ ತೆರಿಗೆಯವರೇ ಕಟ್ಟಿಕೊಂಡ ಡೆಲವೇರಿನ ಆರ್ಡೆನ್ ಎಂಬ ಹಳ್ಳಿಯಲ್ಲಿ ಅದನ್ನು ಆಡಿದರು. ಅಲ್ಲಿದ್ದ ಸ್ಕಾಟ್ ನಿಯರಿಂಗ್ ಎಂಬ ಅಧ್ಯಾಪಕ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತನ್ನ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೂ ಹೇಳಿಕೊಟ್ಟ. ಹುಡುಗರು ಬಟ್ಟೆಯ ಮೇಲೆ, ಮರದ ಮೇಲೆ ಚೌಕ ಬರೆದುಕೊಂಡು, ತಮ್ಮ ಊರಿನ ಬೀದಿಗಳ ಹೆಸರಿಟ್ಟುಕೊಂಡು ಆಡಿದರು. ಹೀಗೆ ನಕಲಿನಿಂದ ನಕಲಿಗೆ ದಾಟುವಾಗ ಏಕ ತೆರಿಗೆಯ ನಿಯಮ ಎಲ್ಲೋ ಉದುರಿಹೋಯಿತು. ಗೆಳೆಯನನ್ನು ದಿವಾಳಿ ಎಬ್ಬಿಸುವ ಖುಷಿಯ ಮುಂದೆ ಎಲ್ಲರೂ ಒಟ್ಟಿಗೆ ಉದ್ಧಾರವಾಗುವ ಖುಷಿ ಸಪ್ಪೆ ಎನಿಸಿರಬೇಕು. ಆಟದ ಹೆಸರೂ ಆಡುವವರ ಬಾಯಲ್ಲಿ ‘ಮೊನೊಪಲಿ’ ಎಂದೇ ನಿಂತಿತು. ಯಾವುದು ಕೂಡದು ಎಂದು ತೋರಿಸಲು ಆಟ ಹುಟ್ಟಿತ್ತೋ ಅದೇ ಅದರ ಹೆಸರಾಯಿತು.

1930ರ ಸುಮಾರಿಗೆ ಅದು ಅಟ್ಲಾಂಟಿಕ್ ಸಿಟಿ ಎಂಬ ಕಡಲತಡಿಯ ಊರಿನ ಕ್ವೇಕರ್ ಪಂಥದವರ ಮನೆಗಳಲ್ಲಿತ್ತು. ಮೊನೊಪಲಿಯಲ್ಲಿ ಲೋಕವೆಲ್ಲ ಓದಿದ ಬೀದಿಗಳ ಹೆಸರು ಆ ಊರಿನವು. ಹರಾಜಿನ ಗದ್ದಲ ಶಾಂತಪ್ರಿಯರಾದ ಕ್ವೇಕರರಿಗೆ ಒಗ್ಗದೆ ನಿವೇಶನಗಳಿಗೆ ನಿಗದಿತ ಬೆಲೆ ಬರೆದರು ಎಂಬ ಮಾತಿದೆ. ಅಲ್ಲಿ ಆಟ ಕಲಿತವರಿಂದ ಫಿಲಡೆಲ್ಫಿಯಾದ ಚಾರ್ಲ್ಸ್ ಟಾಡ್ ಕಲಿತ. ಟಾಡ್ ತನ್ನ ಪರಿಚಯದ ಚಾರ್ಲ್ಸ್ ಡ್ಯಾರೋಗೆ ಕಲಿಸಿದ. ಡ್ಯಾರೋ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದವನು. ನಿಯಮಗಳನ್ನು ಬರೆದುಕೊಡೆಂದು ಟಾಡ್‌ನನ್ನು ಕೇಳಿದ, ಬೋರ್ಡು ತಯಾರಿಸಿ ಮಾರಿದ, 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ತನ್ನದೇ ಸೃಷ್ಟಿಯೆಂದು ಕೊಟ್ಟ. ಟಾಡ್‌ನ ಬೋರ್ಡಿನಲ್ಲಿ ‘ಮಾರ್ವೆನ್ ಗಾರ್ಡನ್ಸ್’ ಎಂಬ ಹೆಸರು ಕಾಗುಣಿತ ತಪ್ಪಿ ‘ಮಾರ್ವಿನ್’ ಆಗಿತ್ತು. ಡ್ಯಾರೋನ ಬೋರ್ಡಿನಲ್ಲೂ ಅದೇ ತಪ್ಪು! ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದ ಹುಡುಗ ಸಿಕ್ಕಿಬೀಳುವುದೂ ಹೀಗೆಯೇ.

ಡ್ಯಾರೋ ಶ್ರೀಮಂತನಾದ. ನಿರುದ್ಯೋಗಿಯೊಬ್ಬ ಮನೆಯಲ್ಲಿ ಕುಳಿತು ಆಟ ಕಂಡುಹಿಡಿದು ಬದುಕು ಕಟ್ಟಿಕೊಂಡ ಕಥೆ ಆಟದ ಜೊತೆಗೇ ದಶಕಗಟ್ಟಲೆ ಮಾರಾಟವಾಯಿತು. ಕಂಪನಿ ಮೇಗಿಯ ಪೇಟೆಂಟನ್ನೂ ಕೊಂಡಿತು. ಅವಳಿಗೆ ಕೊಟ್ಟದ್ದು 500 ಡಾಲರ್, ರಾಯಧನವಿಲ್ಲ. 1936ರಲ್ಲಿ ಆಕೆ ತನ್ನ ಹಳೆಯ ಬೋರ್ಡುಗಳನ್ನು ಹಿಡಿದು ವಾಷಿಂಗ್ಟನ್ನಿನ ಪತ್ರಿಕೆಗಳ ಮುಂದೆ ಅಳಲು ತೋಡಿಕೊಂಡಳು. 1940ರ ಜನಗಣತಿಯಲ್ಲಿ ತನ್ನ ಉದ್ಯೋಗ ಆಟಗಳನ್ನು ತಯಾರಿಸುವುದು ಎಂದು ಬರೆಸಿದಳು. ಆದಾಯದ ಕಲಮಿನಲ್ಲಿದ್ದುದು ಸೊನ್ನೆ. 1948ರಲ್ಲಿ ತೀರಿಕೊಂಡಳು.

ಕಥೆ ಅಲ್ಲಿಗೇ ಮಣ್ಣಾಗಬೇಕಿತ್ತು. ಹೊರಗೆಳೆದವನು ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ. ಏಕಸ್ವಾಮ್ಯವನ್ನು ಮುರಿದವನೇ ಗೆಲ್ಲುವ ‘ಆಂಟಿ-ಮೊನೊಪಲಿ’ ಎಂಬ ಆಟವನ್ನು 1973ರಲ್ಲಿ ಆತ ತಂದ. ಹೆಸರು ತಮ್ಮದೆಂದು ಕಂಪನಿ ಮೇಲೆ ಬಿತ್ತು. ವ್ಯಾಜ್ಯ ನಡೆದಿರುವಾಗಲೇ 1977ರಲ್ಲಿ ಅವನ ಸುಮಾರು 40,000 ಆಟದ ಪೆಟ್ಟಿಗೆಗಳನ್ನು ಮಿನೆಸೋಟಾದ ಮ್ಯಾನ್‌ಕೇಟೊದಲ್ಲಿ ಕಸದ ಗುಂಡಿಗೆ ಹಾಕಿ ಹೂಳಲಾಯಿತು. ಆನ್ಸ್‌ಪಾಕ್ ಹಟ ಬಿಡಲಿಲ್ಲ. ಡ್ಯಾರೋಗಿಂತ ಮುಂಚೆ ಆಡಿದ್ದ ಮುದುಕರನ್ನು ಊರೂರು ಅಲೆದು ಹುಡುಕಿದ. ಅವರ ಅಟ್ಟದ ಮೇಲಿದ್ದ ಬಟ್ಟೆಯ ಬೋರ್ಡುಗಳು ಸಾಕ್ಷಿಗೆ ಬಂದವು. ಟಾಡ್ ಕೂಡ ಬಂದು ಸಾಕ್ಷಿ ನುಡಿದ.

ಈ ಮೊಕದ್ದಮೆಯಲ್ಲಿ ಆಡುವವರ ಅಭಿಪ್ರಾಯ ಕಟಕಟೆ ಹತ್ತಿದ್ದು ಹೆಚ್ಚು ರಂಜಕ. ‘ಮೊನೊಪಲಿ’ ಎಂದಾಗ ಜನರ ಮನಸ್ಸಿನಲ್ಲಿರುವುದು ಆಟವೋ, ಕಂಪನಿಯೋ ಎಂಬ ಪ್ರಶ್ನೆ ಎದ್ದಿತ್ತು. ಸಮೀಕ್ಷೆ ನಡೆಸಿದಾಗ ನೂರಕ್ಕೆ 65 ಮಂದಿ, ನಮಗೆ ಆಟ ಆಡಬೇಕು, ಯಾರು ತಯಾರಿಸಿದರೇನು ಎಂದರು. 32 ಮಂದಿ ಮಾತ್ರ ಪಾರ್ಕರ್ ಬ್ರದರ್ಸ್ ಮಾಲು ಇಷ್ಟವೆಂದರು. ಇದನ್ನೂ ಗಮನಿಸಿ 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಆನ್ಸ್‌ಪಾಕ್ ಪರ ತೀರ್ಪಿತ್ತಿತು. 1983ರಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಬರಲು ಒಪ್ಪಲಿಲ್ಲ. ದೊಡ್ಡ ಕಂಪನಿಗಳಿಗೆ ನಿದ್ದೆ ಕೆಟ್ಟಿತು. ನಾಳೆ ಸೋಪಿಗೂ ಇದೇ ಪ್ರಶ್ನೆ ಕೇಳಿದರೆ ಗತಿಯೇನು? ಗಿರಾಕಿ ಯಾವ ಉದ್ದೇಶದಿಂದ ಕೊಳ್ಳುತ್ತಾನೆಂಬುದನ್ನು ಟ್ರೇಡ್‌ಮಾರ್ಕಿಗೆ ಅಳತೆಗೋಲು ಮಾಡಕೂಡದೆಂದು 1984ರಲ್ಲಿ ಅಮೆರಿಕಾದ ಸಂಸತ್ತು ಕಾನೂನನ್ನೇ ತಿದ್ದಿತು. ಮೊನೊಪಲಿ ಹೆಸರು ಕಂಪನಿಗೆ ಉಳಿಯಿತು. ರಾಜಿಯಾಗಿ ಆನ್ಸ್‌ಪಾಕ್ ಆಟಕ್ಕೂ ಜೀವ ಉಳಿಯಿತು.

ನಮ್ಮಲ್ಲಿ ಸಮೀಕ್ಷೆಯೇ ಬೇಕಿಲ್ಲ. ‘ಬಿಸಿನೆಸ್’ ಪೆಟ್ಟಿಗೆಯನ್ನು ಎಷ್ಟು ಕಂಪನಿಗಳು ಮಾಡಿವೆಯೋ! ಒಂದರ ಹೆಸರನ್ನಾದರೂ ನೆನಪಿಟ್ಟುಕೊಂಡು ಕೊಂಡ ಅಪ್ಪ ಅಮ್ಮ ಅಪರೂಪ.

ಪಳಗಿದ ಆಟಗಾರರು ಮೊನೊಪಲಿಯನ್ನು ಈಗ ಅಷ್ಟಾಗಿ ಮೆಚ್ಚುವುದಿಲ್ಲ. ಬುದ್ಧಿಗಿಂತ ದಾಳದ ಕೈ ಮೇಲು, ಮೊದಲು ಸೋತವನು ಗಂಟೆಗಟ್ಟಲೆ ಬೇರೆಯವರ ಮುಖ ನೋಡುತ್ತ ಕೂರಬೇಕು ಎಂಬುದು ಅವರ ದೂರು. 1995ರಲ್ಲಿ ಜರ್ಮನಿಯಿಂದ ಬಂದ ‘ಕ್ಯಾಟಾನ್’ನಂಥ ಆಟಗಳಲ್ಲಿ ಕೊನೆಯವರೆಗೂ ಯಾರೂ ಹೊರಬೀಳುವುದಿಲ್ಲ. ಮೊನೊಪಲಿಯ ಪರ ವಹಿಸುವವರೂ ಇದ್ದಾರೆ. ಪೆಟ್ಟಿಗೆಯಲ್ಲಿರುವುದು 32 ಮನೆ, 12 ಹೋಟೆಲು ಮಾತ್ರ. ಹೋಟೆಲು ಕಟ್ಟದೆ ಮನೆಗಳನ್ನೇ ಹಿಡಿದಿಟ್ಟುಕೊಂಡರೆ ಎದುರಾಳಿಗೆ ಕಟ್ಟಲು ಮನೆಯೇ ಇರುವುದಿಲ್ಲ. ಜೈಲಿನಿಂದ ಹೊರಬಂದವನು ದಾಳದಲ್ಲಿ 6, 8 ಅಥವಾ 9 ಹಾಕಿದರೆ ಕಿತ್ತಳೆ ಬಣ್ಣದ ನಿವೇಶನಕ್ಕೇ ಬೀಳುತ್ತಾನೆ. ತಿಳಿದವರು ಮೊದಲು ಕೊಳ್ಳುವುದು ಅವನ್ನೇ.

ಆಟ ಎಳೆಯುತ್ತದೆ ಎಂಬ ದೂರಿಗೆ ಮಾತ್ರ ತಪ್ಪು ಆಡುವವರದೇ. ಒಬ್ಬ ಕೊಳ್ಳದೆ ಬಿಟ್ಟ ನಿವೇಶನವನ್ನು ಆ ಕ್ಷಣವೇ ಹರಾಜು ಹಾಕಬೇಕೆಂದು ನಿಯಮವಿದೆ. ಬಹಳ ಮನೆಗಳಲ್ಲಿ ಹಾಕುವುದಿಲ್ಲ. ದಂಡ, ತೆರಿಗೆಗಳ ಹಣವನ್ನು ಬೋರ್ಡಿನ ನಡುವೆ ರಾಶಿ ಹಾಕಿ ಉಚಿತ ವಾಹನ ನಿಲುಗಡೆಯ ಚೌಕಕ್ಕೆ ಬಂದವನಿಗೆ ಕೊಡುವ ಪದ್ಧತಿ ಯಾವ ಅಧಿಕೃತ ನಿಯಮದಲ್ಲೂ ಇಲ್ಲ. ದಿವಾಳಿಯಾಗಬೇಕಾದವನಿಗೆ ಅದರಿಂದ ಉಸಿರು ಬರುತ್ತದೆ. ನಮ್ಮ ಜಗಲಿಯ ಮೇಲೂ ಸೋಲುತ್ತಿರುವ ತಂಗಿಗೆ ಬ್ಯಾಂಕಿನಿಂದ ಗುಟ್ಟಾಗಿ ಸಾಲ ಸಿಗುತ್ತಿತ್ತು, ಬಾಡಿಗೆ ಒಂದು ಸುತ್ತು ಮಾಫಿಯಾಗುತ್ತಿತ್ತು. ಆಟ ಊಟದ ಹೊತ್ತು ಮೀರಿದರೂ ಮುಗಿಯದೆ, ಬೋರ್ಡನ್ನು ಹಾಗೇ ಮಂಚದ ಕೆಳಗೆ ತಳ್ಳಿ ಮಲಗುವುದಾಗುತ್ತಿತ್ತು.